ಬೆನ್ನು ಹಚ್ಚದ ಕಾಕಾನ ಜೊತೆ ಸಾಂಟೋಸಿನಲ್ಲಿ

ವಾಲಿದ ಮನೆ

ಬ್ರೆಜಿಲ್ಲಿನ ಸಾಂಟೋಸ್ ಎಂದರೆ ನನಗೆ ಮೊದಲು ನೆನಪಾಗುವುದು ಸಮುದ್ರವಲ್ಲ, ಒಂದು ಶೇಂಗಾ ಉಂಡಿ. ನಾವು ಗೆಳತಿ ಲೂಸಿಯಾಳ ಮನೆಗೆ ಕಾಲಿಟ್ಟ ಸಂಜೆ ಕಾಕಾ ಚೀಲದಿಂದ ಡಬ್ಬಿ ತೆಗೆದರು. ಒಂದು ಉಂಡಿ ಕೈಜಾರಿ ನೆಲಕ್ಕೆ ಬಿತ್ತು. ಬಿದ್ದ ಉಂಡಿ ಬಿದ್ದಲ್ಲೇ ಇರಬೇಕು. ಇದು ಹೊರಟಿತು. ಯಾವ ಅವಸರವೂ ಇಲ್ಲದೆ ಊಟದ ಮೇಜಿನ ಕಾಲು ದಾಟಿ, ಸೋಫಾದ ಕೆಳಗೆ ಹಾಯ್ದು, ಆಚೆಯ ಗೋಡೆಗೆ ಒರಗಿ ನಿಂತಿತು.

"ಶಾರೀ, ಈ ಮನಿ ವಾಲೈತಿ," ಎಂದರು ಕಾಕಾ.

ಲೂಸಿಯಾ ನಕ್ಕು ವಿವರಿಸಿದಳು. ಸಮುದ್ರದಂಡೆಯ ಇಂಥ ಎಷ್ಟೋ ಎತ್ತರದ ಕಟ್ಟಡಗಳು ಹೀಗೇ ವಾಲಿವೆ, ತಳದ ನೆಲ ಮೆತ್ತಗೆ. ನಾನು ಕಾಕಾನಿಗೆ ಹೇಳಿದೆ.

"ಗೊತ್ತಿದ್ದೂ ಇರ್ತಾರ?"

"ಇರ್ತಾರಂತ ಕಾಕಾ."

"ಸ್ವಂತದ್ದೋ, ಬಾಡಿಗಿದೋ?"

"ಸ್ವಂತದ್ದರಿ."

"ಹಂಗಾರ ಪಾಪ, ಎಲ್ಲಿ ಹೋಗ್ಯಾರು," ಎಂದು ಕಾಕಾ ಉಂಡಿಯನ್ನು ಹೆಕ್ಕಿ, ಊದಿ, ತಿಂದರು.

ಅದು ಉಂಡಿಯಲ್ಲ, ನಿಂಬೆಹಣ್ಣು ಎಂದು ಕಾಕಾ ಈಗಲೂ ವಾದಿಸುತ್ತಾರೆ. ಕಾಕಿ ಕಟ್ಟಿದ ಉಂಡಿ ಬಿದ್ದರೆ ಒಡೆಯುತ್ತದೆ, ಉರುಳುವುದಿಲ್ಲವಂತೆ. ನಿಂಬೆಹಣ್ಣನ್ನು ಊದಿ ತಿಂದಿರಾ ಎಂದು ಕೇಳಿದರೆ, ತಿಂದದ್ದು ಬೇರೆ ದಿನ ಎನ್ನುತ್ತಾರೆ. ನನ್ನ ನೆನಪಿನ ಮೇಲೆ ನನಗೂ ಅಂಥ ಭರವಸೆಯಿಲ್ಲ. ಆದರೆ ಬರೆಯುತ್ತಿರುವವಳು ನಾನು. ಆದ್ದರಿಂದ ಉಂಡಿ.

ಅದಕ್ಕೂ ಮೊದಲು, ರಾಣೆಬೆನ್ನೂರು

ಹುಟ್ಟಿದ್ದು ಬ್ಯಾಡಗಿಯಲ್ಲಿ, ಕೆಲಸ ರಾಣೆಬೆನ್ನೂರಿನಲ್ಲಿ. ಹೈಸ್ಕೂಲಿನ ಹುಡುಗಿಯರಿಗೆ ಪಿ.ಟಿ. ಕಲಿಸುತ್ತೇನೆ. ಕಾಲೇಜಿನ ಕಾಲದಲ್ಲಿ ಜೂಡೋ ಕಲಿತಿದ್ದೆ, ಅದನ್ನೂ ಒಂದಿಷ್ಟು ಹುಡುಗಿಯರಿಗೆ ಹೇಳಿಕೊಡುತ್ತಿದ್ದೆ. ಹರಳು ತುಂಬಿದ ಶಾಲೆಯ ಬಯಲೇ ನಮ್ಮ ಅಂಕಣ. ಒಂದು ಮಳೆ ಬಿದ್ದರೆ ತರಬೇತಿ ಬಂದ್. ಒಮ್ಮೆ ಪಂದ್ಯಕ್ಕೆಂದು ಹಾವೇರಿಗೆ ಹೋದಾಗ ನಮ್ಮ ಹುಡುಗಿಯರು ಮೊದಲ ಸಲ ನಿಜವಾದ ಮ್ಯಾಟು ಕಂಡರು. ಎದುರಾಳಿಯನ್ನು ನೋಡುವ ಬದಲು ಅದನ್ನೇ ಒತ್ತಿ ಒತ್ತಿ ನೋಡಿ, "ಟೀಚರ್, ಗಾದಿ!" ಎಂದು ಖುಷಿಪಟ್ಟು, ಒಬ್ಬೊಬ್ಬರಾಗಿ ಸೋತು ಬಂದರು.

ನನ್ನ ಕಾಕಾ ಫಕೀರಪ್ಪ ರಾಣೆಬೆನ್ನೂರಿನ ಒಂದು ಗರಡಿಯ ವಸ್ತಾದರು. ಗರಡಿಯ ಹಿಂದೆ ಒಂದು ಪಡಸಾಲೆ ಖಾಲಿ ಬಿದ್ದಿದೆ. ಅದನ್ನು ನನ್ನ ಹುಡುಗಿಯರಿಗೆ ಕೊಡಿ ಎಂದು ನಾನು ಕೇಳುತ್ತಲೇ ಇದ್ದೆ.

"ಹೆಣ್ಣಮಕ್ಕಳು ಗರಡ್ಯಾಗ?"

"ಗರಡ್ಯಾಗಲ್ಲ ಕಾಕಾ, ಹಿಂದಿನ ಪಡಸಾಲ್ಯಾಗ. ಬಾಗಲಾನೂ ಬ್ಯಾರೆ ಐತಿ."

"ಗ್ವಾಡಿ ಒಂದ ಅಲ್ಲೇನು?"

ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಆಗ ಬ್ಯಾಡಗಿಗೆ ಲೂಸಿಯಾ ಬಂದಳು. ಅವಳ ಕಂಪನಿಗೆ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಬೇಕಿತ್ತು, ಖಾರ ಬೇಡ. ನಮ್ಮ ಊರಿನ ಕೆಂಪನ್ನು ಹಿಂಡಿಕೊಂಡು ಹೋಗಿ ಅವರ ದೇಶದ ತಿಂಡಿಗಳಿಗೆ ಹಚ್ಚುತ್ತಾರಂತೆ. ಸಂಜೆ ಮೈ ಬಗ್ಗಿಸಲು ಜೊತೆಗಾರರು ಸಿಗುತ್ತಾರೆಯೇ ಎಂದು ಅವಳು ಪೇಟೆಯಲ್ಲಿ ಕೇಳಿದಾಗ, ಜನರನ್ನು ಎತ್ತಿ ಒಗೆಯುವ ಹೆಂಗಸು ಊರಿನಲ್ಲಿ ಒಬ್ಬಳೇ ಇದ್ದದ್ದರಿಂದ, ಅವಳನ್ನು ನಮ್ಮ ಅವ್ವನ ಮನೆಗೆ ಕಳಿಸಿದರು. ಅಂದು ರವಿವಾರ, ನಾನೂ ಅಲ್ಲೇ ಇದ್ದೆ. ಅಂಗಳದಲ್ಲಿ ಜಮಖಾನ ಹಾಸಿದೆವು. ಅವಳು ಅದರ ಮೇಲೆ ತಾನಾಗಿಯೇ ಅಂಗಾತ ಮಲಗಿ, ಬಾ, ನನ್ನನ್ನು ಒತ್ತಿ ಹಿಡಿ ಎಂದಳು. ಒತ್ತಿ ಹಿಡಿದೆ. ಮರುಕ್ಷಣ ನಾನು ಕೆಳಗೆ, ಅವಳು ಮೇಲೆ. ಅವ್ವ ಚಹಾ ಹಿಡಿದು ನಿಂತು, "ಏಳ್ರವಾ, ಆರತೈತಿ," ಎಂದಳು.

ಅದು ಸ್ವೀಪ್. ಕೆಳಗೆ ಬಿದ್ದವರು ಮೇಲಿನವರನ್ನು ಉರುಳಿಸಿ ತಾವು ಮೇಲೆ ಬರುವುದು. ಬ್ರೆಜಿಲ್ಲಿನ ಜುಜುತ್ಸು ಎಂಬ ನೆಲದ ಕುಸ್ತಿಯಲ್ಲಿ ಇದೇ ಒಂದು ವಿದ್ಯೆ. ಪುಟ್ಟ ಹುಡುಗಿಯೂ ಕಲಿಯಬಹುದು. ಅವಳ ಅಪ್ಪ ಸಾಂಟೋಸಿನಲ್ಲಿ ಇದನ್ನು ಕಲಿಸುತ್ತಾರೆ. ಬೇಸಿಗೆ ರಜೆಗೆ ಬಾ, ನಮ್ಮ ಮನೆಯಲ್ಲೇ ಇರು, ನೀನು ಸ್ವೀಪ್ ಕಲಿ, ನಮ್ಮವರಿಗೆ ನಿಮ್ಮ ದಂಡ ಬೈಠಕ್ ಕಲಿಸು ಎಂದಳು ಲೂಸಿಯಾ. ಒಬ್ಬಳೇ ಹೋಗುವುದು ಬೇಡ ಎಂದಳು ಅವ್ವ. ಹಾಗಾಗಿ ಕಾಕಾ.

"ಬರ್ತೇನಿ," ಎಂದರು ಕಾಕಾ. "ನನ್ನ ಕಣ್ಣಿಲೆ ನೋಡತೇನಿ. ಆ ಆಟದಾಗ ಮಾನ ಅನ್ನೂದು ಇದ್ರ ಪಡಸಾಲಿ ನಿಂದು. ಇಲ್ಲಂದ್ರ ಮತ್ತ ಆ ಮಾತು ತಗೀಬ್ಯಾಡ."

ಸಾವೋ ಪಾವ್ಲೋ ವಿಮಾನ ನಿಲ್ದಾಣ

ಕಾಕಾನ ಚೀಲದಲ್ಲಿ ಗರಡಿಯ ಮಣ್ಣಿತ್ತು. ನನಗೆ ಹೇಳಿರಲಿಲ್ಲ. ಎಣ್ಣೆ, ಅರಿಸಿನ, ಮಜ್ಜಿಗೆ ಹಾಕಿ ಹದ ಮಾಡಿದ ಕೆಂಪು ಮಣ್ಣು, ಪ್ಲಾಸ್ಟಿಕ್ ಚೀಲದಲ್ಲಿ ಗಟ್ಟಿ ಗಂಟು. ತಪಾಸಣೆಯ ಅಧಿಕಾರಿ ಅದನ್ನು ಬಿಚ್ಚಿ ಮೂಸಿದ. ಇನ್ನೊಬ್ಬನನ್ನು ಕರೆದು ಮೂಸಿಸಿದ. ನಾಯಿಯನ್ನೂ ಕರೆಸಿದರು. ನಾಯಿಗೆ ಮಜ್ಜಿಗೆಯ ವಾಸನೆ ಹಿಡಿಸಿರಬೇಕು, ಅದು ಕುಳಿತುಬಿಟ್ಟಿತು. ನಾಯಿ ಕುಳಿತರೆ ಮಾಲು ಸಿಕ್ಕಿತೆಂದು ಅರ್ಥವಂತೆ.

"ಮಣ್ಣೋ ಮಾರಾಯಾ, ಮಣ್ಣು! ಹಣಿಗೆ ಹಚ್ಕೊಳ್ಳಾಕ!" ಎಂದು ಕಾಕಾ ಒಂದು ಚಿಟಿಕೆ ತೆಗೆದು ಅಧಿಕಾರಿಯ ಹಣೆಗೆ ಹಚ್ಚಲು ಹೋದರು. ಅಧಿಕಾರಿ ಹಿಂದೆ ಸರಿದ ವೇಗ ನೋಡಿದರೆ ಅವನೂ ಎಲ್ಲೋ ಪಳಗಿದವನೇ. ನಮ್ಮನ್ನು ಬಿಟ್ಟರು, ಮಣ್ಣನ್ನು ಬಿಡಲಿಲ್ಲ. ಸಾಂಟೋಸ್ ಬರುವವರೆಗೆ ಕಾಕಾ ಕಿಟಕಿಯಿಂದ ಹೊರಗೆ ನೋಡುತ್ತ, "ಇಲ್ಲೂ ಕೆಂಪ ಐತಲ್ಲ, ಮತ್ತ ನಮ್ಮದ ಯಾಕ ಇಟಗೊಂಡ್ರು?" ಎಂದು ಕೇಳುತ್ತಿದ್ದರು.

ಬೇಕರಿಯ ಮೇಲಿನ ಮಾಳಿಗೆ

ಲೂಸಿಯಾಳ ಅಪ್ಪನ ಶಾಲೆ ಒಂದು ಬೇಕರಿಯ ಮೇಲಿತ್ತು. ಬೆವರಿನ ಜೊತೆ ಬ್ರೆಡ್ಡಿನ ವಾಸನೆ. ಅವರಿಗೆ ಎಪ್ಪತ್ತು ದಾಟಿತ್ತು, ಸಣಕಲು ದೇಹ, ಎಲ್ಲರಿಗೂ ಗುರು. ನಾನು ಮಾಸ್ತರು ಎಂದೇ ಬರೆಯುತ್ತೇನೆ. ನಮ್ಮಲ್ಲಿ ಕಟ್ಟುಮಸ್ತಾದ ಮೈ ಎಂದರೆ ಕುತ್ತಿಗೆ, ತೊಡೆ. ಈ ಲೆಕ್ಕದಲ್ಲಿ ಮಾಸ್ತರ ಬಳಿ ಮೈಯೇ ಇರಲಿಲ್ಲ. ಕಾಕಾನ ಬಳಿ ಎಲ್ಲವೂ ಇತ್ತು, ಜೊತೆಗೆ ಕುಸ್ತಿ ಬಿಟ್ಟರೂ ಹಾಲು ತುಪ್ಪ ಬಿಡದೆ ಬೆಳೆಸಿದ ಹೊಟ್ಟೆಯೂ.

ಮೊದಲ ದಿನ ಮಾಸ್ತರು ಕಾಕಾನನ್ನು ಗೌರವದಿಂದ ಮ್ಯಾಟಿಗೆ ಕರೆದರು. ಕಾಕಾ ಮ್ಯಾಟು ಮುಟ್ಟಿ ಹಣೆಗೆ ಹಚ್ಚಿಕೊಂಡು, ತೊಡೆ ತಟ್ಟಿ ನಿಂತರು. ಮಾಸ್ತರು ಅವರ ತೋಳು ಹಿಡಿದು ಮೆಲ್ಲಗೆ ಕೆಳಗೆ ಕುಳಿತರು. ಕಾಕಾ ತಟ್ಟನೆ ಬಗ್ಗಿ ಅವರನ್ನು ಎತ್ತಿ ನಿಲ್ಲಿಸಿದರು. ಮಾಸ್ತರು ಮತ್ತೆ ಕುಳಿತರು. ಕಾಕಾ ಮತ್ತೆ ಎತ್ತಿದರು.

"ಅಜ್ಜಗ ಮೊಣಕಾಲ ಬ್ಯಾನಿ ಇದ್ದಂಗೈತಿ," ಎಂದು ನನಗೆ ಹೇಳಿದರು. "ಕುರ್ಚಿ ತರಸು."

ಈ ಸಲ ಮಾಸ್ತರು ನೇರವಾಗಿ ಅಂಗಾತ ಮಲಗಿದರು. ಕಾಕಾ ಒಂದು ಗಳಿಗೆ ನೋಡಿ, "ಚಿತ್!" ಎಂದು ಎರಡೂ ಕೈ ಎತ್ತಿ, ಮ್ಯಾಟಿನ ಸುತ್ತ ಒಂದು ಸುತ್ತು ಹಾಕಿದರು. ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿತೆಂದರೆ ಆಟ ಮುಗಿಯಿತು, ಗೆದ್ದವನು ಹೀಗೆ ಸುತ್ತು ಬಂದು ಚಪ್ಪಾಳೆ ತೆಗೆದುಕೊಳ್ಳುತ್ತಾನೆ. ಅಲ್ಲಿಯವರು ಸಭ್ಯರು, ತಟ್ಟಿದರು. ಸುತ್ತು ಮುಗಿಸಿ ಬಂದರೆ ಮಾಸ್ತರು ಇನ್ನೂ ಮಲಗಿಯೇ ಇದ್ದಾರೆ, ಕೈಬೆರಳಿನಿಂದ ಬಾ ಬಾ ಎಂದು ಕರೆಯುತ್ತಿದ್ದಾರೆ.

"ಸೋತಾಂವ ಯಾಕ ಕರಿತಾನ?"

"ಅವರು ಸೋತಿಲ್ಲರಿ ಕಾಕಾ. ಈಗ ಶುರು."

ಕಾಕಾ ಹೋಗಿ ಗೋಡೆಯ ಬಾಕಿನ ಮೇಲೆ ಕೈಕಟ್ಟಿ ಕುಳಿತರು. "ಬೀಳೂದನ್ನ ಕಲಸೂ ಆಟ ಇದು. ಮಾನ ಎಲ್ಲಿಂದ ಬರಬೇಕು ಇದರಾಗ?"

ಪಡಸಾಲೆ ಹೋಯಿತು ಎಂದುಕೊಂಡೆ. ಬಂದು ಎರಡು ದಿನವೂ ಆಗಿರಲಿಲ್ಲ.

ಸಮುದ್ರದಂಡೆ

ಬೆಳಿಗ್ಗೆ ಕಾಕಾನ ಪಾಳಿ. ದಂಡ, ಬೈಠಕ್ ಕಲಿಯಲು ದಂಡೆಯ ಮೇಲೆ ಮಾಸ್ತರ ಶಿಷ್ಯರು ಬರುತ್ತಿದ್ದರು. ಸಾಂಟೋಸಿನಲ್ಲಿ ಮುದುಕ ಮುದುಕಿಯರೆಲ್ಲ ಬೆಳಕು ಹರಿಯುವ ಹೊತ್ತಿಗೆ ತುಂಡು ಬಟ್ಟೆಯಲ್ಲಿ ದಂಡೆಗೆ ಬಂದು ಕೈಕಾಲು ಬೀಸುತ್ತಾರೆ. ನಮ್ಮಲ್ಲಿ ಆ ವಯಸ್ಸಿಗೆ ಶಾಲು ಹೊದ್ದು ಕಟ್ಟೆಗೆ ಬರುತ್ತಾರೆ. ಮುದುಕಿಯರ ಒಂದು ಗುಂಪು ಕಾಕಾನ ಹಿಂದಿನ ಸಾಲಿಗೆ ತಾನಾಗಿಯೇ ಸೇರಿಕೊಂಡಿತು.

ತೊಂದರೆ ಬಂದದ್ದು ನನ್ನಿಂದ. ಲಂಗೋಟಿಯಿಲ್ಲದೆ ಕಾಕಾ ದಂಡ ತೆಗೆಯುವುದಿಲ್ಲ. ಅಣ್ಣನ ಮಗಳ ಮುಂದೆ ಲಂಗೋಟಿಯಲ್ಲಿ ನಿಲ್ಲುವುದೂ ಇಲ್ಲ. ನಾನಿಲ್ಲದೆ ಅವರ ಮಾತು ಯಾರಿಗೂ ತಿಳಿಯುವುದಿಲ್ಲ. ಕಡೆಗೆ ಕಾಕಾ ತೀರ್ಪು ಕೊಟ್ಟರು: "ನೀ ಸಮುದ್ರದ ಕಡೆ ಮಾರಿ ಮಾಡಿ ನಿಂದ್ರು. ಅಲ್ಲಿಂದನ ಹೇಳು."

ಹಾಗೇ ನಿಂತೆ. ಬೆನ್ನ ಹಿಂದೆ ಕಾಕಾ "ಎದಿ ನೆಲಕ್ಕ ಸವರಬೇಕು" ಎಂದರೆ ನಾನು ಅಟ್ಲಾಂಟಿಕ್ ಸಾಗರಕ್ಕೆ ಇಂಗ್ಲಿಷಿನಲ್ಲಿ ಅದನ್ನೇ ಹೇಳುತ್ತಿದ್ದೆ. ಲೂಸಿಯಾ ಅದನ್ನು ಅವರ ಭಾಷೆಗೆ ತಿರುಗಿಸುತ್ತಿದ್ದಳು. ಸುತ್ತ ನೂರಾರು ಜನ ಅರೆಬೆತ್ತಲೆ, ಕಾಕಾನನ್ನು ನೋಡಬಾರದವಳು ನಾನೊಬ್ಬಳೇ.

ಊಟದ ಬಗ್ಗೆ ಊರಿನಲ್ಲಿ ಎಲ್ಲರೂ ಕೇಳಿದ್ದಾರೆ, ಇಲ್ಲೇ ಹೇಳಿಬಿಡುತ್ತೇನೆ. ಅನ್ನ, ಕರಿಯ ಕಾಳಿನ ಸಾರು, ದಿನವೂ. ಅದರ ಮೇಲೆ ಹುರಿದ ಮರಗೆಣಸಿನ ಪುಡಿ ಉದುರಿಸಿಕೊಳ್ಳುತ್ತಾರೆ, ನಾವು ಗುರೆಳ್ಳು ಚಟ್ನಿ ಉದುರಿಸಿಕೊಂಡ ಹಾಗೆ. ಮಾಂಸ ಬೇಡವೆಂದರೆ ಕೋಳಿ ತರುತ್ತಾರೆ. ಕಾಕಾ ತಾವು ತಂದ ಚಟ್ನಿಯನ್ನು ಮಾಸ್ತರ ತಟ್ಟೆಗೂ ಧಾರಾಳವಾಗಿ ಉದುರಿಸಿದರು. ಮ್ಯಾಟಿನ ಮೇಲೆ ಕಾಕಾನಿಗೆ ಸಿಗದ ಗೆಲುವು ಅಲ್ಲಿ ಸಿಕ್ಕಿತು.

ಮತ್ತೆ ಮಾಳಿಗೆ

ಸಂಜೆ ನನ್ನ ಪಾಳಿ. ನಾನು ಕಲಿಯಬೇಕಿದ್ದದ್ದು ಕತ್ತರಿ ಸ್ವೀಪ್. ಅಂಗಾತ ಮಲಗಿ, ಮೇಲೆ ಮಂಡಿಯೂರಿದವರ ತೋಳು, ಕೊರಳಪಟ್ಟಿ ಹಿಡಿದು ಎಳೆಯಬೇಕು. ಒಂದು ಕಾಲು ಅವರ ಹೊಟ್ಟೆಗೆ ಅಡ್ಡ, ಇನ್ನೊಂದು ನೆಲದ ಮೇಲೆ ಅವರ ಮಂಡಿಯ ಪಕ್ಕ. ಅಡಕೊತ್ತಿನಂತೆ ಎರಡೂ ಕಾಲು ಆಡಿಸಿದರೆ ಅವರು ಉರುಳುತ್ತಾರೆ.

ಎಲ್ಲ ಸರಿ. ಆದರೆ ನನ್ನ ಕಾಲು ಎದುರಿನವರಿಗೆ ತಾಗಿದ ಕೂಡಲೇ ನನ್ನ ಬಲಗೈ ಹಿಡಿತ ಬಿಟ್ಟು, ಅವರನ್ನು ಮುಟ್ಟಿ, ನನ್ನ ಕಣ್ಣಿಗೆ ಒತ್ತಿಕೊಳ್ಳುತ್ತಿತ್ತು. ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಯಾರಿಗೋ ಕಾಲು ತಾಗಿದರೆ ನಾವೆಲ್ಲ ಮಾಡುವ ಹಾಗೆ. ಅಷ್ಟರಲ್ಲಿ ತೋಳು ಬಿಡಿಸಿಕೊಂಡ ಎದುರಾಳಿ ನನ್ನನ್ನು ಹಪ್ಪಳ ಮಾಡಿರುತ್ತಿದ್ದ.

"ಆ ಕೈ ಎಲ್ಲಿಗೆ ಹೋಗುತ್ತದೆ?" ಎಂದಳು ಲೂಸಿಯಾ.

ಹೇಳಿದೆ.

"ಕ್ಷಮೆ ಕೇಳುತ್ತೀಯಾ? ಹೊಡೆದಾಟದ ನಡುವೆ?"

"ನಾನು ಕೇಳುವುದಿಲ್ಲ. ಕೈ ಕೇಳುತ್ತದೆ."

ಮರುದಿನ ಬಂದು ನೋಡಿದರೆ ಮಕ್ಕಳ ತರಗತಿಯ ಅಷ್ಟೂ ಮಕ್ಕಳು ಕಾಲು ಹಾಕುವುದು, ಮುಟ್ಟುವುದು, ಕಣ್ಣಿಗೆ ಒತ್ತಿಕೊಳ್ಳುವುದು. ಇದು ಭಾರತದ ಯಾವುದೋ ಗುಪ್ತ ಪಟ್ಟು ಎಂದು ಅವರು ತಿಳಿದಿದ್ದರು. ಮಾಸ್ತರು ಕೂಡ ಇದರಿಂದ ಎದುರಾಳಿಯ ಗಮನ ಬೇರೆಡೆ ಹೋಗುತ್ತದೆಯೇ ಎಂದು ಗಂಭೀರವಾಗಿ ವಿಚಾರಿಸಿದರು. ಕಾಕಾನಿಗೆ ಮಾತ್ರ ಬಹಳ ಖುಷಿ. "ಚಲೋ ಕಲಸೀದಿ ನೋಡು. ಈ ಆಟದಾಗ ನೋಡೂವಂಥಾದ್ದು ಇದೊಂದ."

ಮಕ್ಕಳು ಉರುಳಿಸಿದ ಮೇಲೆ ಕಣ್ಣಿಗೆ ಒತ್ತಿಕೊಳ್ಳುವುದನ್ನು ಬೇಗ ಕಲಿತರು. ನಾನೊಬ್ಬಳು ಮೊದಲೇ ಒತ್ತಿಕೊಂಡು ಉರುಳುತ್ತಿದ್ದೆ.

ಬಚ್ಚಲಮನೆ

ಇದನ್ನು ಬರೆಯಬೇಡ ಎಂದಿದ್ದರು ಕಾಕಾ. ಆಮೇಲೆ, ಬರೆದರೆ ಸರಿಯಾಗಿ ಬರಿ ಎಂದರು. ಸರಿಯಾಗಿ ಎಂದರೆ ಹೇಗೆ ಎಂಬುದರಲ್ಲಿ ನಮಗೆ ಒಮ್ಮತವಿಲ್ಲ. ನನಗೆ ನೆನಪಿರುವುದು ಇಷ್ಟು: ಒಂದು ಮಧ್ಯಾಹ್ನ ಕಾಕಾ ಸ್ನಾನಕ್ಕೆ ಹೋದರು. ನೀರು ಸುರಿಯುವ ಸಪ್ಪಳ ಬರುತ್ತಲೇ ಇತ್ತು. ನಾನು ಬಟ್ಟೆ ಮಡಚಿಟ್ಟೆ, ಲೂಸಿಯಾ ಬಂದರಿಗೆ ಹೊರಟು ಹೋದಳು, ಸಪ್ಪಳ ಹಾಗೇ ಇತ್ತು. ಬಾಗಿಲು ತಟ್ಟಿದೆ.

"ಒಳಗ ಬರಬ್ಯಾಡ!"

"ಏನಾತ್ರಿ ಕಾಕಾ?"

"ಏನಿಲ್ಲ. ಏಳಾಕತ್ತೇನಿ."

"ಬಿದ್ದೀರೇನು?"

"ಬಿದ್ದಿಲ್ಲ. ಮನೀನ ವಾಲೈತಲ್ಲ, ಜಾರೇನಿ."

"ಪೆಟ್ಟಾಗೇತೇನ್ರಿ?"

"ಇಲ್ಲಾ."

"ಮತ್ತ ಯಾವಾಗಿಂದ ಏಳಾಕತ್ತೀರಿ?"

"ಅದನ್ನ ಕೇಳಬ್ಯಾಡ ನೀ."

ನೀರಿನ ಸಪ್ಪಳದ ನಡುವೆ ಒಂದು ಉಸಿರು, ಒಂದು ದಬ್ ಎಂಬ ಸದ್ದು, ಮತ್ತೆ ಉಸಿರು. ಜೀವಮಾನವಿಡೀ ಕಾಕಾನ ಬೆನ್ನು ನೆಲಕ್ಕೆ ತಾಗದಂತೆ ನೋಡಿಕೊಂಡಿದ್ದ ಮೈ ಅದು. ಒಮ್ಮೆ ತಾಗಿದ ಮೇಲೆ ಮುಂದೇನು ಎಂಬುದು ಅದಕ್ಕೆ ಹೊಳೆಯುತ್ತಿರಲಿಲ್ಲ. ಮಾಸ್ತರು ನಮಗೆ ಮೊದಲ ವಾರವೇ ಹೇಳಿಕೊಟ್ಟಿದ್ದರು. ಬಾಗಿಲಿಗೆ ಬಾಯಿ ಹಚ್ಚಿ ನಾನು ಅದನ್ನೇ ಹೇಳತೊಡಗಿದೆ.

"ಕಾಕಾ, ನೆಟ್ಟಗ ಏಳಾಕ ಹೋಗಬ್ಯಾಡ್ರಿ. ಒಂದ ಮಗ್ಗಲಾಗ್ರಿ."

"ಹೂಂ."

"ಆ ಕಡಿ ಕೈ ಹಿಂದ ಊರ್ರಿ. ಇನ್ನೊಂದ ಕಡಿ ಕಾಲು ಮಡಚಿ ಪಾದ ಊರ್ರಿ."

"ಯಾವ ಕಡಿ?"

"ಕೈ ಬಲಗಡೆ ಇದ್ರ ಕಾಲು ಎಡಗಡೆ. ಈಗ ಸೊಂಟ ಎತ್ತಿ, ಖಾಲಿ ಇರೂ ಕಾಲು ಹಿಂದ ಎಳಕೋರಿ."

ಆಮೇಲೆ ನೀರು ನಿಂತಿತು. ಧೋತರ ಉಟ್ಟು ಹೊರಗೆ ಬಂದ ಕಾಕಾ ನನ್ನ ಮುಖ ನೋಡದೆ, "ಇದನ್ನ ಆ ಅಜ್ಜ ಕಲಸಿದ್ನ?" ಎಂದರು.

"ಹೌದ್ರಿ."

"ಹುಡಿಗ್ಯಾರಿಗೂ ಇದನ್ನ ಕಲಸಾಂವೇನು?"

"ಮೊದಲ ಇದನ್ನರಿ."

ಕಾಕಾ ತಲೆ ಒರೆಸಿಕೊಳ್ಳುತ್ತ ಹೋದರು. ಅಂದು ಸಂಜೆ ಅವರು ಬಾಕಿನ ಮೇಲೆ ಕೂರಲಿಲ್ಲ, ಮ್ಯಾಟಿನ ಅಂಚಿನಲ್ಲಿ ಕುಳಿತರು.

ಕೊನೆಯ ಶನಿವಾರ

ಅತಿಥಿ ಹೊರಡುವ ಮೊದಲು ಎಲ್ಲರಿಗೂ ಒಂದು ಪಟ್ಟು ಕಲಿಸಿ ಹೋಗಬೇಕು, ಇದು ಆ ಶಾಲೆಯ ಪದ್ಧತಿ. ಮಾಸ್ತರು ನನಗೆ ಕತ್ತರಿ ಸ್ವೀಪನ್ನೇ ಕೊಟ್ಟರು. ನನಗೆ ಬಾರದ್ದನ್ನೇ ಯಾಕೆ ಎಂದು ಕೇಳಿದೆ. ಅವರು ನಕ್ಕರು ಎಂದು ಬರೆಯಲು ಕೈ ಹೋಗುತ್ತದೆ, ಆದರೆ ಅವರು ಬಹುಶಃ ಕೆಮ್ಮಿದರು.

ಲೂಸಿಯಾ ನನ್ನ ಎದುರು ಮಂಡಿಯೂರಲು ಬರುತ್ತಿದ್ದಳು. ಅವಳಿಗಿಂತ ಮೊದಲು ಕಾಕಾ ಎದ್ದು ಬಂದರು.

"ನಾ ಕುಂದ್ರತೇನಿ."

ನಾನು ಅಂಗಾತ ಮಲಗಿದೆ. ಕಾಕಾ ಮಂಡಿಯೂರಿದರು. ಅವರಿಗೆಂದು ಹುಡುಕಿ ತಂದ ಅತಿ ದೊಡ್ಡ ಅಂಗಿಯೂ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ತೋಳು ಹಿಡಿದೆ, ಕೊರಳಪಟ್ಟಿ ಹಿಡಿದೆ. ಕಾಲು ಎದ್ದು ಗಾಳಿಯಲ್ಲೇ ನಿಂತಿತು. ಹುಟ್ಟಿದಾಗಿನಿಂದ ಪ್ರತಿ ಹಬ್ಬಕ್ಕೂ ನಾನು ಬಗ್ಗಿ ನಮಸ್ಕರಿಸಿದ ಮನುಷ್ಯ.

"ಕಾಲು ಹಚ್ಚು."

"ಆಗವಲ್ದು ಕಾಕಾ."

"ಹಚ್ಚು. ಈಗ ನಾ ನಿಮ್ಮ ಕಾಕಾ ಅಲ್ಲ."

"ಮತ್ತ ಯಾರ್ರಿ?"

"ಹೊಟ್ಟಿ. ಬರೇ ಹೊಟ್ಟಿ ಅನ್ಕೋ."

ಹಚ್ಚಿದೆ. ಹಚ್ಚಿದ ಕೂಡಲೇ ನನ್ನ ಬಲಗೈ ಎದ್ದು ಹೊರಟಿತು. ಕಾಕಾ ತಮ್ಮ ಇನ್ನೊಂದು ಕೈಯಿಂದ ಅದನ್ನು ಹಿಡಿದು ತಮ್ಮ ತೋಳಿನ ಮೇಲೆ ಒತ್ತಿ ಇಟ್ಟರು. "ಎಲ್ಲಿ ಹೊಂಟೈತಿ ಇದು? ಆಮ್ಯಾಲೆ ಕೇಳಿದ್ರಾತು ಮಾಫಿ."

ಪೈಲ್ವಾನನ ಹಿಡಿತ. ನನ್ನ ಕೈ ಅಲ್ಲೇ ಉಳಿಯಿತು. ಕೈ ಉಳಿದರೆ ತೋಳು ಉಳಿಯಿತು. ಎಳೆದೆ, ಕಾಲು ಆಡಿಸಿದೆ. ಬೇಕರಿಯ ಮಾಳಿಗೆ ನಡುಗುವ ಹಾಗೆ ಕಾಕಾ ಉರುಳಿದರು. ಬೆನ್ನು ಪೂರ್ತಿ, ಎರಡೂ ಹೆಗಲು. ನಾನು ಮೇಲಿದ್ದೆ. ಲೂಸಿಯಾಳ ಕ್ಯಾಮೆರಾ ಮಿಂಚಿತು.

ಕಾಕಾ ಬಿದ್ದರೋ, ಬೀಳಿಸಿಕೊಂಡರೋ? ತಾನೇ ಹೋದೆ ಎಂದು ಒಂದು ದಿನ ಹೇಳುತ್ತಾರೆ. ಖರೇ ಹೇಳಬೇಕೆಂದರೆ ತಡೆಯಲಾಗಲಿಲ್ಲ ಎಂದು ಇನ್ನೊಂದು ದಿನ. ನನ್ನ ಬಳಿಯೂ ಎರಡು ನೆನಪುಗಳಿವೆ, ಎರಡರಲ್ಲೂ ನಾನು ಚೆನ್ನಾಗಿಯೇ ಕಾಣುತ್ತೇನೆ, ಆದ್ದರಿಂದ ಎರಡನ್ನೂ ನಂಬುವುದಿಲ್ಲ.

ಅಂಗಾತ ಬಿದ್ದ ಕಾಕಾ ಮೇಲೆ ನೋಡುತ್ತ, "ಇವರು ಛತ್ತಿಗೆ ಸುಣ್ಣಾನ ಹಚ್ಚಿಲ್ಲಲ್ಲ," ಎಂದರು. ಆಮೇಲೆ ಬಲಗೈ ಹಿಂದೆ ಊರಿ, ಎಡಗಾಲು ಮಡಚಿ, ಸೊಂಟ ಎತ್ತಿ ಎದ್ದು ನಿಂತರು. "ಇನ್ನೊಮ್ಮೆ."

"ಕಾಕಾ, ಪಡಸಾಲಿ?"

"ಊರಿಗೆ ನಡಿ. ಅಲ್ಲೆ ಗರಡಿ ಮಂದಿ ಐತಿ."

ರಾಣೆಬೆನ್ನೂರು

ಆ ಮಂದಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಲೂಸಿಯಾ ಕೊಟ್ಟ ಫೋಟೋವನ್ನು ನಾನು ಅವ್ವನಿಗೆ ತೋರಿಸಿದೆ, ಅವ್ವ ಬ್ಯಾಡಗಿಗೆಲ್ಲ ತೋರಿಸಿದಳು. ಶಾಲೆ ಶುರುವಾಗಿ ನಾನು ರಾಣೆಬೆನ್ನೂರಿಗೆ ಬರುವಷ್ಟರಲ್ಲಿ ಗರಡಿಯವರು ಕಾಕಾನನ್ನು ಸುತ್ತುಗಟ್ಟಿದ್ದರು. ಕಾಕಾ ಇನ್ನೂ ಹೂಂ ಎನ್ನದಿದ್ದರೂ ನಾನು ಹುಡುಗಿಯರೊಂದಿಗೆ ಪಡಸಾಲೆಯ ಹಿಂದಿನ ಬಾಗಿಲ ಬಳಿ ನಿಂತಿದ್ದೆ. ತಲೆಯ ಮೇಲೆ ಮನೆಮನೆಯಿಂದ ತಂದ ಹಳೆಯ ಗಾದಿಗಳು, ಆಕಾಶದಲ್ಲಿ ಮೋಡ. ಮುಂದಿನದನ್ನು ನಾನು ನೋಡಲಿಲ್ಲ, ಕಿಟಕಿಯಿಂದ ಕೇಳಿದೆ.

"ವಸ್ತಾದ್ರ, ಖರೇನ ಏನ್ರಿ ಇದು? ಅಣ್ಣನ ಮಗಳ ಕೈಲೆ ಚಿತ್ ಆಗೀರಂತಲ್ಲ?" ಇದು ಗರಡಿಯ ಅತಿ ಭಾರದ ಪೈಲ್ವಾನ ಮಾರುತಿಯ ದನಿ.

ಇಲ್ಲ, ಅದು ಆಟಕ್ಕೆ ಎಂದುಬಿಟ್ಟರೆ ಕಾಕಾನ ಮಾನ ಉಳಿಯುತ್ತಿತ್ತು, ನಮ್ಮ ಗಾದಿಗಳು ಮನೆಗೆ ವಾಪಸ್.

"ಹೌದು, ಬಿದ್ದೇನಿ," ಎಂದರು ಕಾಕಾ. "ಬಿದ್ದು ಎದ್ದೇನಿ. ನಿಮಗ್ಯಾರಿಗರ ಏಳಾಕ ಬರತೈತೇನು? ಬಾ ಮಾರುತಿ, ಹೊಟ್ಟಿ ಮ್ಯಾಲೆ ಬಾ."

"ವಸ್ತಾದ್ರ, ನೀವು ಹಂಗ ಮಣ್ಣಾಗ ಮಲಗಬ್ಯಾಡ್ರಿ, ಏಳ್ರಿ!"

"ಬಾ ಅಂದ್ನಿ!"

ಸ್ವಲ್ಪ ಹೊತ್ತು ಕೊಸರಾಟ. ಮಾರುತಿಯ "ಅಯ್ಯಯ್ಯ". ಆಮೇಲೆ ಮಣ್ಣಿನ ಮೇಲೆ ಜೋಳದ ಚೀಲ ಒಗೆದಂಥ ಸದ್ದು. ಎಲ್ಲರೂ ಒಟ್ಟಿಗೇ ಬಾಯಿ ಬಿಟ್ಟರು.

"ಮಾರುತಿ ಚಿತ್! ಎರಡೂ ಹೆಗಲು ನೋಡೇನಿ!"

"ಏ, ವಸ್ತಾದ್ರು ಮೊದಲ ಚಿತ್ ಆಗಿದ್ರಲ್ಲೋ!"

"ತಾವಾ ಮಲಗಿದ್ದು ಹೆಂಗ ಚಿತ್ ಆಕ್ಕೈತಿ? ಮತ್ತ ರಾತ್ರಿ ಮಲಗತೀಯಲ್ಲ, ದಿನಾ ಸೋಲತೀಯೇನ್ ನೀ?"

"ಹಂಗಾರ ಗೆದ್ದಾವರು ಯಾರು?"

ಆ ಪ್ರಶ್ನೆಗೆ ಗರಡಿಯಲ್ಲಿ ನಾಲ್ಕು ಪಂಗಡಗಳಾದವು. ಹಿಂದಿನ ಬಾಗಿಲು ಕಿರ್ರೆಂದಿತು. ಕೂದಲಲ್ಲೆಲ್ಲ ಕೆಂಪು ಮಣ್ಣು ಹತ್ತಿದ ಕಾಕಾ ತಲೆ ಹೊರಗೆ ಹಾಕಿ, "ಒಳಗ ನಡೀರಿ, ಮಳಿ ಬರತೈತಿ," ಎಂದರು. "ಇವರದು ಲಗೂ ಮುಗಿಯೂದಲ್ಲ."

ಮೊದಲ ಹನಿಗಳು ಬೀಳುವಾಗ ನಾವು ಗಾದಿ ಹಾಸುತ್ತಿದ್ದೆವು. ಗೋಡೆಯ ಆಚೆ ಮಾರುತಿ ಯಾರಿಗೋ ತನ್ನ ಬೆನ್ನು ತೋರಿಸಿ ಮಣ್ಣು ಎಲ್ಲಿಯವರೆಗೆ ಹತ್ತಿದೆ ನೋಡು ಎನ್ನುತ್ತಿದ್ದ. ಕುಪ್ಪೇಲೂರಿನ ಹುಡುಗಿಯೊಬ್ಬಳು ಗಾದಿಯ ಮೇಲೆ ಅಂಗಾತ ಮಲಗಿ, ಎರಡೂ ಕಾಲು ಎತ್ತಿ, "ಟೀಚರ್, ಯಾರನ್ನರ ಮ್ಯಾಲೆ ಕಳಸ್ರಿ ಲಗೂ," ಎಂದಳು. "ನಮ್ಮ ಬಸ್ ಹೋಗಿಬಿಡತೈತಿ."